ಏಪ್ರಿಲ್ ತಿಂಗಳ ಬಾವಿ ನೀರು

ಕಳೆದ ತಿಂಗಳು ಕುಮಟಾದಲ್ಲಿ ನಮ್ಮ ಕಾಲೇಜಿನ ಹಿಂಬದಿಯ ಹೊಸ ಕಟ್ಟಡಕ್ಕೆ ಸ್ಲ್ಯಾಬ್ ಹಾಕಿದರು. ಮರುದಿನ ಬೆಳಿಗ್ಗೆ ನಾನು ರಸಾಯನಶಾಸ್ತ್ರದ ಪ್ರಯೋಗಾಲಯದ ಕಿಟಕಿ ತೆರೆದಾಗ ಒಬ್ಬ ಹೆಂಗಸು ಅದರ ಮೇಲೆ ನಿಂತು ಪೈಪಿನಿಂದ ನೀರು ಬಿಡುತ್ತಿದ್ದಳು. ಬಿಸಿಲಿಗೆ ಕಾದ ಹೊಸ ಸಿಮೆಂಟಿನ ಮೇಲೆ ನೀರು ಬಿದ್ದರೆ ಒಂದು ವಾಸನೆ ಏಳುತ್ತದೆ. ಸುಣ್ಣದ ವಾಸನೆಗೆ ಹತ್ತಿರ, ಆದರೆ ನಾಲಿಗೆಯ ಬುಡದಲ್ಲಿ ಕಬ್ಬಿಣದ ರುಚಿ ಬಿಡುವಂಥದು. ನಾನು ಕಿಟಕಿಯಿಂದಲೇ ಕೇಳಿದೆ: “ನೀರು ಎಲ್ಲಿಂದು?”

“ಟ್ಯಾಂಕರಿಂದು” ಎಂದಳು. ಪೈಪನ್ನು ಬದಿಗೆ ಹಿಡಿದು, “ಎಂತಕೆ ಮೇಡಂ, ಕುಡುಕೆ ಬೇಕಿತ್ತ?”

ಬೇಡ ಎಂದು ಕಿಟಕಿ ಹಾಕಿದೆ. ಮೊದಲ ತರಗತಿಗೆ ಇನ್ನೂ ಹತ್ತು ನಿಮಿಷವಿತ್ತು. ಬ್ಯುರೆಟ್‌ಗಳನ್ನು ತೊಳೆದು ಸಾಲಾಗಿ ನಿಲ್ಲಿಸಿದೆ. ಅಪ್ಪ ತೀರಿಕೊಂಡ ಮಳೆಗಾಲದಿಂದ ಮರು ಮಳೆಗಾಲದವರೆಗಿನ ಆ ವರ್ಷ ನನಗೆ ಹೀಗೆ ವಾಸನೆಯಾಗಿ, ಬಾಯಿಗೆ ಬಂದುಬಿಡುವ ಪ್ರಶ್ನೆಯಾಗಿ ನೆನಪಾಗುತ್ತದೆ. ದುಃಖವಾಗಿ ಬರುವುದಿಲ್ಲ. ಆಗಲೂ ಬಂದಿರಲಿಲ್ಲ.

ನಮ್ಮ ಮನೆ ಇರುವುದು ಭಟ್ಕಳದ ಹತ್ತಿರ ಬೆಳಕೆಯಲ್ಲಿ. ಹೆದ್ದಾರಿಯಿಂದ ಸಮುದ್ರದ ಕಡೆ ಇಳಿದು ಗದ್ದೆ ದಾಟಿದರೆ ಗಾಳಿಮರಗಳಿಗಿಂತ ಸ್ವಲ್ಪ ಮೊದಲು ಸಿಗುವ ಸಾಲಿನಲ್ಲಿ ಮೂರನೆಯದು. ಅಪ್ಪ ಪೋಸ್ಟ್‌ಮನ್ ಆಗಿದ್ದ. ಕಾಗದಗಳನ್ನು ಓಣಿಯ ಕ್ರಮದಲ್ಲಿ ಜೋಡಿಸಿಕೊಂಡೇ ಹೊರಡುವ ಮನುಷ್ಯ. ನಾನು ಏಳನೇ ತರಗತಿಯಲ್ಲಿದ್ದಾಗ ಆ ಮನೆ ಕಟ್ಟಿಸಿದ. ಅಳಿವೆಯ ಮರಳಿನಲ್ಲಿ ಉಪ್ಪಿರುತ್ತದೆ, ಅದು ಕಬ್ಬಿಣವನ್ನು ತಿನ್ನುತ್ತದೆ ಎಂದು ಯಾರೋ ಹೇಳಿದ್ದರಿಂದ, ತಂದ ಮರಳನ್ನು ಇಡೀ ಒಂದು ಮಳೆಗಾಲ ಅಂಗಳದಲ್ಲಿ ಹರಡಿ ನೆನೆಯಲು ಬಿಟ್ಟ. ಮಳೆ ತೆರಪು ಕೊಟ್ಟಾಗ ಸಲಿಕೆ ಹಿಡಿದು ಮಗುಚಿ ಹಾಕುತ್ತಿದ್ದ. “ಪೋಸ್ಟಣ್ಣ ರೇತಿಗೆ ಸ್ನಾನ ಮಾಡಿಸ್ತ” ಎಂದು ಸಾಲಿನವರೆಲ್ಲ ನಕ್ಕಿದ್ದರು.

ನಕ್ಷೆಯೂ ಇತ್ತು. ಪಂಚಾಯ್ತಿಗೆ ಕೊಡಲು ಪೇಟೆಯ ಒಬ್ಬರಿಂದ ಬರೆಸಿ ಮೊಹರು ಹಾಕಿಸಿದ್ದು. ಆ ನಕ್ಷೆಯ ಮನೆ ಬೇರೆ, ನಾರಾಯಣ ಮೇಸ್ತ್ರಿ ಅಂಗಳದಲ್ಲಿ ಸುಣ್ಣದ ಗೆರೆ ಎಳೆದು ಕಟ್ಟಿದ ಮನೆ ಬೇರೆ. ನಮ್ಮ ಕಡೆ ಹೆಚ್ಚಿನವರದು ಹಾಗೆಯೇ. ಮೊಹರು ಹಾಕಿದವರು ಬೆಳಕೆಗೆ ಬರಲಿಲ್ಲ. ಬರಬೇಕೆಂದು ಯಾರೂ ಕೇಳಿದ್ದೂ ಇಲ್ಲ. ಪಿಲ್ಲರ್ ಎಷ್ಟು ದಪ್ಪ, ಒಳಗೆ ಎಷ್ಟು ಸರಳು ಎಂಬುದು ಮೇಸ್ತ್ರಿಯ ಅಂದಾಜಿಗೆ ಬಿಟ್ಟ ವಿಷಯ.

ಒಂಬತ್ತು ಪಿಲ್ಲರುಗಳ ಸರಳುಗಳನ್ನು ಟೆರೇಸಿನಿಂದ ಮೇಲಕ್ಕೆ ಒಂದು ಮೊಳ ಉಳಿಸಿದ್ದರು, ಮುಂದೆ ಮಹಡಿ ಕಟ್ಟಲು. ಅವುಗಳಿಗೆ ತುಕ್ಕು ಹಿಡಿಯದಂತೆ ಅಪ್ಪ ಪ್ರತಿ ವರ್ಷ ಮೇ ತಿಂಗಳಲ್ಲಿ ಸಿಮೆಂಟ್ ಹಾಲು ಬಳಿದು, ತಲೆಗೆ ಖಾಲಿ ಬಾಟಲಿ ಕವುಚುತ್ತಿದ್ದ. ಮೂವತ್ತಾರು ಬಾಟಲಿ. ದೂರದಿಂದ ಬರುವವರಿಗೆ ದಾರಿ ಹೇಳುವಾಗ ನಮ್ಮದು ಬಾಟ್ಲಿ ಮನೆ. ಅಕ್ಕನಿಗೂ ನನಗೂ ಅಪ್ಪ ಹೇಳುತ್ತಿದ್ದ: “ಮೇಲಿಂದು ನಿಮ್ದು. ಯಾರಿಗೆ ಬೇಕಾತದೋ ಅವ್ರದ್ದು.”

ಆಷಾಢದ ಒಂದು ಮಧ್ಯಾಹ್ನ ಊಟಕ್ಕೆ ಕೂತ ಅಪ್ಪ ಏಳಲಿಲ್ಲ. ನಾನು ಕುಮಟಾದಿಂದ ಬರುವಾಗ ಹೊನ್ನಾವರದ ಸೇತುವೆಯ ಮೇಲೆ ಬಸ್ಸು ಅರ್ಧ ಗಂಟೆ ನಿಂತಿತು. ಕೆಳಗೆ ಶರಾವತಿ ಕೆಂಪಾಗಿ ಹರಿಯುತ್ತಿತ್ತು. ಸೇತುವೆಯ ಕಂಬಗಳಿಗೆ ನೀರು ಎಷ್ಟು ಎತ್ತರಕ್ಕೆ ಬಂದಿದೆ ಎಂದು ನೋಡುತ್ತಿದ್ದೆ. ಬೇರೆ ಏನನ್ನೂ ಯೋಚಿಸಿದ ನೆನಪಿಲ್ಲ.

ಕಾರ್ಯಗಳೆಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ಜಗಲಿಯ ಮಾಡಿನಿಂದ ಊಟದ ಬಟ್ಟಲಿನಷ್ಟು ದೊಡ್ಡ ಕಾಂಕ್ರೀಟ್ ಚೂರು ಕಳಚಿ ಅಪ್ಪನ ಕುರ್ಚಿಯ ಮೇಲೆ ಬಿತ್ತು. ಕುರ್ಚಿ ಖಾಲಿ ಇತ್ತು. ತಲೆ ಎತ್ತಿ ನೋಡಿದರೆ ಸರಳು ಕಾಣುತ್ತಿತ್ತು, ಪದರು ಪದರಾಗಿ ಎದ್ದು, ಬಣ್ಣ ಬೆಲ್ಲದಂತೆ. ಅಮ್ಮ ಧೂಳು ಗುಡಿಸಿದಳು. ಆ ಚೂರನ್ನು ಮಾತ್ರ ಎಸೆಯದೆ ಟೆರೇಸಿಗೆ ಹೋಗುವ ಮೆಟ್ಟಿಲ ಕೆಳಗೆ ಇಟ್ಟಳು.

ನಾರಾಯಣ ಮೇಸ್ತ್ರಿಯನ್ನು ಕರೆದೆವು. ವಯಸ್ಸಾಗಿದ್ದರೂ ಇನ್ನೂ ಕೆಲಸಕ್ಕೆ ಹೋಗುವವರು. ಕೋಲಿನಿಂದ ಮಾಡು ತಟ್ಟಿ ನೋಡಿ, “ಮ್ಯಾಲಿಂದ ಒಂದ್ ಕೈ ಪ್ಲಾಸ್ಟರ್ ಹೊಡದ್ರೆ ಆತು. ಸಮುದ್ರದ ಗಾಳಿ ಅಲ್ವ” ಎಂದರು.

ಅದೇ ವಾರ ಅಕ್ಕ ಶೈಲಾ ಕುಮಟಾ ಹತ್ತಿರದ ಬಾಡದಿಂದ, ಅವಳ ಗಂಡನ ಮನೆಯಿಂದ, ಫೋನ್ ಮಾಡಿದಳು. ಅವಳ ಸಂಸಾರದ ವಿವರ ಇಲ್ಲಿ ಬೇಕಿಲ್ಲ. ಮಗಳೊಂದಿಗೆ ಅಲ್ಲಿ ಇನ್ನು ಇರಲಾಗದು ಎಂಬುದಷ್ಟು ಸಾಕು. “ಬಂದ್ರೆ ಮೇಲೆ ಇರ್ತೆ. ನನ್ನ ಮೆಟ್ಲು ನಂಗೆ, ನನ್ನ ಒಲೆ ನಂಗೆ. ವಾಪಸ್ ಬಂದವ್ಳು ಅಂತ ಅಮ್ಮನ ಅಡುಗೆಮನೆ ಬಾಗ್ಲಲ್ಲಿ ನಿತ್ಕಣುಕೆ ನಂಗೆ ಆಗುದಿಲ್ಲ. ಮುಂದಿನ ಮಳೆಗಾಲ ಇಲ್ಲಿ ಕಳಿಯುಕೂ ಆಗುದಿಲ್ಲ” ಎಂದಳು. ಅವಳು ಅತ್ತಳು. ನಾನು ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದು ಕೇಳಿಸಿಕೊಂಡೆ.

ಮನೆ ಅಮ್ಮನ ಹೆಸರಿನಲ್ಲಿತ್ತು, ಸಹಿ ಅವಳದು. ಮಹಡಿ ಎಬ್ಬಿಸಲು ಎಂಜಿನಿಯರನ್ನು ಆರಿಸುವ ಕೆಲಸ ಓದಿದವಳೆಂದು ನನಗೆ ಬಂತು. ಮನೆಯ ಚಿತ್ರ ಬರೆಯುವವರು ಬೇರೆ, ನಿಂತು ಕಟ್ಟಿಸುವವರು ಬೇರೆ, ಯಾವ ಕಂಬ ಎಷ್ಟು ಭಾರ ಹೊರುತ್ತದೆ ಎಂದು ಲೆಕ್ಕ ಮಾಡುವ ಸ್ಟ್ರಕ್ಚರಲ್ ಎಂಜಿನಿಯರ್ ಬೇರೆ ಎಂಬುದು ಆವರೆಗೆ ನನಗೂ ಸರಿಯಾಗಿ ಗೊತ್ತಿರಲಿಲ್ಲ. ಬೋರ್ಡಿನಲ್ಲಿ ಮೂವರೂ ಎಂಜಿನಿಯರೇ. ಪ್ರಾಕ್ಟಿಕಲ್ ಪುಸ್ತಕದ ಕೊನೆಯ ಹಾಳೆಯಲ್ಲಿ ಪ್ರಶ್ನೆ ಬರೆದುಕೊಂಡೆ. ಯಾವ ವಿಷಯದಲ್ಲಿ ಓದಿದ್ದು, ಲೆಕ್ಕಕ್ಕೆ ಸಹಿ ಹಾಕುವವರು ಅವರೇ ಅಥವಾ ಬೇರೆಯವರೇ, ಹಳೆಯ ಕಟ್ಟಡ ಪರೀಕ್ಷಿಸಿ ಗೊತ್ತೇ, ಮನೆಗೆ ಬರುತ್ತಾರೆಯೇ. ಕೊನೆಯದು, ಇದರ ಮೇಲೆ ಮಹಡಿ ಆಗುತ್ತದೆಯೇ ಎಂಬುದು. ಹೀಗೆ ಬರೆದುಕೊಂಡು ಓಡಾಡುವುದರಲ್ಲಿ ನನಗೆ ಒಂದು ಅನುಕೂಲವಿತ್ತು. ಅಪ್ಪನ ಬಗ್ಗೆ ಯಾರಾದರೂ ಮಾತು ತೆಗೆದರೆ ಪುಸ್ತಕ ತೆರೆದು ಮುಂದಿನ ಪ್ರಶ್ನೆ ಕೇಳಬಹುದಿತ್ತು.

ಮೊದಲನೆಯವರು ಕುಮಟಾದವರು. ಗಾಜಿನ ಬಾಗಿಲು, ತಣ್ಣನೆಯ ಕೋಣೆ. ನಾನು ಅಳತೆ ಹೇಳುತ್ತಿದ್ದಂತೆಯೇ ಕಂಪ್ಯೂಟರಿನಲ್ಲಿ ನಮ್ಮ ಮನೆ ಎರಡು ಮಹಡಿ ಎದ್ದು ನಿಂತಿತು. ಅಂಗಳದಲ್ಲಿ ನಮಗಿಲ್ಲದ ಕಾರು, ಗೇಟಿನ ಪಕ್ಕ ನಮ್ಮೂರಲ್ಲಿ ಬೆಳೆಯದ ಒಂದು ಮರ. “ಡಿಸೆಂಬರಿಗೆ ಶುರು ಮಾಡ್ವ, ಮಳೆಗೆ ಮೊದ್ಲು ಮನೆಯೊಕ್ಲು” ಎಂದರು. ನಾನು ಓದಿನ ಪ್ರಶ್ನೆ ಕೇಳಿದೆ. ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು.

“ಇಷ್ಟ್ ವರ್ಷದಲ್ಲಿ ನನ್ನ ಸರ್ಟಿಫಿಕೇಟ್ ಕೇಳ್ದವ್ರು ನೀವೇ ಮೊದ್ಲು. ಮದ್ವೆಗೆ ಹುಡುಗಿ ಕೇಳುಕೆ ಹೋದಾಗ್ಲೂ ಅವ್ರು ಕೇಳಿರ್ಲಿಲ್ಲ.”

ಲೆಕ್ಕಕ್ಕೆ ಸಹಿ ಯಾರದು ಎಂದೆ. ಭಾರದ ಲೆಕ್ಕ ಮಾಡುವವರು ಹುಬ್ಬಳ್ಳಿಯಲ್ಲಿದ್ದಾರೆ, ಅವರ ಸಹಿ ಬರುತ್ತದೆ ಎಂದರು. ಅವರು ಮನೆ ನೋಡಲು ಬರುತ್ತಾರೆಯೇ ಎಂದೆ.

“ನೋಡುಕೆ ಎಂತ ಇದೆ? ಅಳತೆ ಕಳ್ಸಿದ್ರೆ ಆತು.”

ಎರಡನೆಯವರು ಹೊನ್ನಾವರದವರು, ನನ್ನದೇ ವಯಸ್ಸು. ಓದು ಸರಿಯಾಗಿತ್ತು, ಸಹಿ ತನ್ನದೇ ಎಂದರು. ಒಂದು ಭಾನುವಾರ ಬೈಕಿನಲ್ಲಿ ಬಂದರು. ಹೆಲ್ಮೆಟ್ ಕೈಯಲ್ಲಿ ಹಿಡಿದು ಜಗಲಿಯವರೆಗೆ ಬಂದು, ಮೇಲೆ ನೋಡಿ, ಮೊಬೈಲಿನಲ್ಲಿ ನಾಲ್ಕು ಫೋಟೋ ತೆಗೆದು, “ಕೆಡವಿ ಬಿಡಿ. ಇದರಲ್ಲಿ ಉಳಿಸುವಂಥದ್ದು ಏನಿಲ್ಲ” ಎಂದರು. ಒಳಗಿನ ಕೋಣೆ ನೋಡಲಿಲ್ಲ. ಅಮ್ಮ ಚಾ ಲೋಟ ಹಿಡಿದು ಬಾಗಿಲಿಗೆ ಬಂದಿದ್ದಳು. ಅದನ್ನು ಹಾಗೆಯೇ ಒಳಗೆ ಒಯ್ದು ತಾನೇ ಕುಡಿದಳು.

“ಒಬ್ಬ ಕಟ್ಟಿ ಅಂತ, ಒಬ್ಬ ಕೆಡವಿ ಅಂತ. ಇಬ್ರೂ ಪಿಲ್ಲರ್ ಮುಟ್ಟಿ ನೋಡ್ಲಿಲ್ಲ” ಎಂದು ನಾನು ಪ್ರಯೋಗಾಲಯದಲ್ಲಿ ಹೇಳಿದ್ದಿರಬೇಕು. ನಮ್ಮ ಅಟೆಂಡರ್ ಮಾದೇವಿ ಅಕ್ಕ ಭಟ್ಕಳದ ಹತ್ತಿರದ ಮೀನುಗಾರರ ಊರು ತೆಂಗಿನಗುಂಡಿಯವಳು. ಬೀಕರ್ ಒರೆಸುತ್ತ ಹೇಳಿದಳು: “ಮುಟ್ಟುವವ್ರು ಬೇಕಾರೆ ಭಟ್ಕಳದಲ್ಲಿ ಒಬ್ರು ಮುಜೀಬ್ ಸಾಹೇಬ್ರು ಅಂತ ಇದ್ರು. ದೋಣಿ ನಿಲ್ಸುವ ಒಂದು ಹಳೇ ಧಕ್ಕೆ ರಿಪೇರಿಗೆ ಬರ್ತಿದ್ರು. ಕಂಬಕ್ಕೆ ಸುತ್ತಿಗೆಲಿ ತಟ್ಟಿ ತಟ್ಟಿ ಕಿವಿ ಇಡ್ತಿದ್ರು. ಕಂಬ ಎಂತ ಹೇಳ್ತು ಸಾಹೇಬ್ರೆ, ಮೀನಿನ ರೇಟು ಹೇಳ್ತ? ಅಂತ ನಮ್ಮವ್ರು ಕೇಳ್ತಿದ್ರು. ಅವ್ರು ನಗ್ತಿರ್ಲಿಲ್ಲ.”

ಆ ಕೊನೆಯ ಮಾತಿಗಾಗಿ ನಾನು ಅವರನ್ನು ಹುಡುಕಿಕೊಂಡು ಹೋದೆ ಎನ್ನಬಹುದು. ಅವರ ಕಚೇರಿ ಭಟ್ಕಳದ ಒಂದು ಹಳೆಯ ಬೀದಿಯಲ್ಲಿ ಬಟ್ಟೆ ಅಂಗಡಿಯ ಮೇಲಿತ್ತು. ಅರವತ್ತರ ಹತ್ತಿರದ, ತೆಳ್ಳಗಿನ ಮನುಷ್ಯ. ಮೊಮ್ಮಗಳ ಜೊತೆ ಮನೆಮಾತು ನವಾಯತಿಯಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದವರು ನನ್ನನ್ನು ಕಂಡು ಕನ್ನಡಕ್ಕೆ ತಿರುಗಿದರು. ನಾನು ಪುಸ್ತಕ ತೆರೆದೆ. ಓದು ಕೇಳಿದೆ. ಅವರು ಎದ್ದು ಗೋಡೆಯ ಮೇಲಿನ ಪ್ರಮಾಣಪತ್ರವನ್ನು ಮೊಳೆಯಿಂದ ತೆಗೆದು ನನ್ನ ಮುಂದೆ ಇಟ್ಟರು. ಕಟ್ಟಡಗಳ ಭಾರದ ವಿಷಯದಲ್ಲೇ ಎರಡನೆಯ ಪದವಿ. “ಕೇಳ್ಬೇಕು ಮ್ಯಾಡಂ. ಡಾಕ್ಟರಿಗೆ ಕೇಳ್ತೇವೆ ಅಲ್ವಾ” ಎಂದರು. ಮಹಡಿ ಆಗುತ್ತದೆಯೇ ಎಂಬುದಕ್ಕೆ “ಗೊತ್ತಿಲ್ಲ” ಎಂದರು. ಆ ಹಾಳೆಯಲ್ಲಿ ಹಾಗೆ ಬರೆದುಕೊಂಡದ್ದು ಅವರೊಬ್ಬರ ಹೆಸರಿನ ಮುಂದೆಯೇ. ಭಟ್ಕಳದಲ್ಲಿ ಅಪ್ಪ ಗೊತ್ತಿಲ್ಲದವರು ಕಡಿಮೆ. ಇವರಿಗೆ ಗೊತ್ತಿರಲಿಲ್ಲ. ಅದೂ ನನಗೆ ಹಿಡಿಸಿತು.

ಜನವರಿಯ ಒಂದು ಶನಿವಾರ ಅವರು ಬೆಳಕೆಗೆ ಬಂದರು. ಸಣ್ಣ ಸುತ್ತಿಗೆ, ಉಳಿ, ಅಳತೆಪಟ್ಟಿ, ಉದ್ದನೆಯ ನೋಟ್‌ಬುಕ್. ಮೇಸ್ತ್ರಿ ಮೊದಲೇ ಬಂದು ಜಗಲಿಯಲ್ಲಿ ಕೂತಿದ್ದರು, ತನ್ನ ಕೆಲಸವನ್ನು ಬೇರೆಯವರು ನೋಡುವಾಗ ತಾನು ಇರಬೇಕೆಂದು.

“ತಂಗಿ, ನಾ ಕಟ್ಟಿದ ಮನೆ ಒಂದಾದ್ರೂ ಬಿದ್ದದ್ದು ತೋರ್ಸು, ಈ ಸಾಲಲ್ಲಿ” ಎಂದರು ನನಗೆ, ಸಾಹೇಬರಿಗೆ ಕೇಳುವಂತೆ.

“ಬಿದ್ದಿಲ್ಲ ಅಂತಲೇ ನೋಡ್ಲಿಕ್ಕೆ ಬಂದದ್ದು ಮೇಸ್ತ್ರಿ. ಬಿದ್ದ ಮೇಲೆ ನನ್ನನ್ನು ಯಾಕೆ ಕರೀತಾರೆ?” ಎಂದರು ಮುಜೀಬ್ ಸಾಹೇಬರು.

ಅವರು ಪ್ರತಿ ಪಿಲ್ಲರಿಗೂ ತಟ್ಟಿ ಕಿವಿಯಿಟ್ಟರು. ಅಡುಗೆಮನೆಗೆ ಹೋಗುವಾಗ ಚಪ್ಪಲಿ ಬಿಟ್ಟು, ಅಮ್ಮನ ಅನುಮತಿ ಕೇಳಿ ಹೋದರು. ಟೆರೇಸಿಗೆ ಹತ್ತಿ ಬಾಟಲಿಗಳನ್ನು ನೋಡಿ ಇಳಿದರು. ಆಮೇಲೆ ಅಂಗಳದಲ್ಲಿ ಕೂತು ಕೇಳತೊಡಗಿದರು. ನಾನು ಮೂರು ತಿಂಗಳು ಬೇರೆಯವರಿಗೆ ಪ್ರಶ್ನೆ ಕೇಳುತ್ತ ತಿರುಗಿದ್ದೆ. ನಮಗೆ ಯಾರಾದರೂ ಪ್ರಶ್ನೆ ಕೇಳಿದ್ದು ಅದೇ ಮೊದಲು. ಕಲ್ಲು ಎಲ್ಲಿಯದು? ಮರಳು? ಅಳಿವೆಯದು, ಒಂದು ಮಳೆಗಾಲ ತೊಳೆದದ್ದು ಎಂದೆ. ಅವರು ತಲೆ ಎತ್ತಿದರು. “ನಿಮ್ಮ ತಂದೆಯವರಿಗೆ ತಿಳಿದಿತ್ತು. ಇದನ್ನು ಮಾಡುವವರು ಕಡಿಮೆ.” ಸ್ಲ್ಯಾಬ್ ಹಾಕಿದ್ದು ಯಾವಾಗ? ಏಪ್ರಿಲ್. “ನೀರು?”

“ಈ ಬಾವಿದು” ಎಂದರು ಮೇಸ್ತ್ರಿ.

ಸಾಹೇಬರು ಒಂದು ಕೊಡ ಸೇದಲು ಹೇಳಿದರು. ನಾನು ಸೇದಿದೆ. ಬೊಗಸೆಯಲ್ಲಿ ಹಿಡಿದು ಬಾಯಿಗೆ ಹಾಕಿ, ಸ್ವಲ್ಪ ಹೊತ್ತು ಇಟ್ಟುಕೊಂಡು, ಬೇಲಿಯ ಹತ್ತಿರ ಹೋಗಿ ಉಗುಳಿ ಬಂದರು.

“ಸಿಹಿ ಇದೆ. ಏಪ್ರಿಲಲ್ಲೂ ಹೀಗೇನಾ ಮ್ಯಾಡಂ?”

ಪ್ರಶ್ನೆ ನನಗೆ. ಉತ್ತರ ಕೊಟ್ಟವಳು ಬಾಗಿಲಲ್ಲಿ ನಿಂತಿದ್ದ ಅಮ್ಮ.

“ಹೌದು. ವರ್ಷಪೂರ್ತಿ ಹಿಂಗೇ ಇರ್ತದೆ.”

ಮೇಸ್ತ್ರಿ ನೆಲ ನೋಡಿದರು. “ಈ ಸಾಲಿಗೆ ಇದೇ ಒಳ್ಳೇ ಬಾವಿ” ಎಂದರು.

ಯುಗಾದಿ ಕಳೆದ ಮೇಲೆ ಆ ಬಾವಿಯ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಕೊಡುವುದಿಲ್ಲ. ಸಮುದ್ರ ಒಳಗಿಂದ ಬಂದು ಬಾವಿಯಲ್ಲಿ ಸೇರುತ್ತದೆ. ಮಳೆ ಹಿಡಿಯುವ ತನಕ ಕುಡಿಯುವ ನೀರಿಗೆ ನಾವು ಗುಡ್ಡದ ಬುಡದ ಶಾಲೆ ಬಾವಿಗೆ ಹೋಗುತ್ತೇವೆ. ಮಿಕ್ಕಿದ್ದಕ್ಕೆಲ್ಲ ನಮ್ಮ ಬಾವಿ. ಮನೆ ಕಟ್ಟುವುದು ಆ ಮಿಕ್ಕಿದ್ದರಲ್ಲಿ ಸೇರಿತ್ತು. ಮರಳಿನ ಉಪ್ಪು ತೊಳೆಯಲು ಒಂದು ಮಳೆಗಾಲ ಕಾದ ಅಪ್ಪ, ಅದೇ ಮರಳನ್ನು ಏಪ್ರಿಲ್‌ನ ಬಾವಿ ನೀರಿನಲ್ಲಿ ಕಲಸಿದ. ಉಪ್ಪು ಮರಳಿನಲ್ಲಿ ಎಂದು ಅವನಿಗೆ ಹೇಳಿದವರು ನೀರಿನ ಮಾತು ಹೇಳಿರಲಿಲ್ಲ. ಅವನು ಹೇಳಿದ್ದನ್ನು ಹೇಳಿದಷ್ಟೇ ಮಾಡುವ ಮನುಷ್ಯ.

ಇಷ್ಟೂ ನನಗೆ ಗೊತ್ತಿತ್ತು. ನಾನು ಕೊಡದಲ್ಲಿ ಉಳಿದ ನೀರನ್ನು ತುಳಸಿಕಟ್ಟೆಗೆ ಸುರಿದೆ.

ಸಾಹೇಬರು ನೋಟ್‌ಬುಕ್ಕಿನಲ್ಲಿ ‘ನೀರು’ ಎಂದು ಬರೆದು ಎದುರಿಗೆ ಜಾಗ ಖಾಲಿ ಬಿಟ್ಟರು. “ಇದನ್ನು ಏಪ್ರಿಲಲ್ಲಿ ಬಂದು ತುಂಬ್ತೇನೆ. ಉಪ್ಪು ಗಾಳಿಯಿಂದ ಬಂದದ್ದಾದ್ರೆ ಮೇಲೆ ಮೇಲೆ ಇರ್ತದೆ, ಕೆತ್ತಿ ತೆಗ್ದು, ಪಿಲ್ಲರ್ ದಪ್ಪ ಮಾಡಿ, ಹಗುರದ ಮಹಡಿ ಕಟ್ಬಹುದು. ನೀರಲ್ಲೇ ಕಲಸಿದ್ದಾದ್ರೆ ಒಳಗಿನವರೆಗೂ ಇರ್ತದೆ. ಅದನ್ನು ಎಲ್ಲಿಂದ ತೆಗೀಲಿ?”

ಅವರು ಹೋದ ಮೇಲೆ ಮೇಸ್ತ್ರಿ ಎದ್ದರು. “ಏಪ್ರಿಲ್ ತನಕ ಎಂತ, ಬಾವಿ ಮುಂದೆ ಬಟ್ಲ ಹಿಡ್ಕಂಡು ಕೂತ್ಕಣುದ?”

ಏಪ್ರಿಲ್ ತನಕ ಕಾದರೆ ಮಳೆಗೆ ಮೊದಲು ಅಕ್ಕನಿಗೆ ಜಾಗವಾಗುವುದಿಲ್ಲ. ಅಮ್ಮ ಆ ಸಂಜೆ ಅಕ್ಕನ ಜೊತೆ ಮಾತಾಡಿ, ನನ್ನ ಮುಂದೆ ಅನ್ನದ ಬಟ್ಟಲಿಟ್ಟು ಹೇಳಿದಳು: “ಕುಮಟಾದವ್ರಿಗೇ ಹೇಳ್ಬಿಡು ಮಗಾ. ಅವ್ರು ಶುರು ಮಾಡ್ತೆ ಅಂದಾರಲ್ಲ.” ನಾನು ಆತು ಎಂದೆ. ಆಗುವುದಿಲ್ಲ ಎನ್ನಲು ಬೇಕಾದ ಬಿಸಿ ನನ್ನಲ್ಲಿರಲಿಲ್ಲ.

ಸೋಮವಾರ ಕುಮಟಾಕ್ಕೆ ಹೋಗುವಾಗ ಮೆಟ್ಟಿಲ ಕೆಳಗಿನ ಚೂರಿನಿಂದ ಒಂದು ತುಂಡು ಮುರಿದು ಚೀಲಕ್ಕೆ ಹಾಕಿಕೊಂಡೆ. ತರಗತಿಗಳು ಮುಗಿದ ಮೇಲೆ ಅದರ ಒಳಭಾಗವನ್ನು ಪುಡಿಮಾಡಿ, ಶುದ್ಧ ನೀರಿನಲ್ಲಿ ಕುದಿಸಿ, ಸೋಸಿ, ಆಮ್ಲದ ಹನಿ ಹಾಕಿ, ಸಿಲ್ವರ್ ನೈಟ್ರೇಟ್ ಬಿಟ್ಟೆ. ಮೊದಲ ವರ್ಷದ ಮಕ್ಕಳಿಗೆ ಕಲಿಸುವ ಪರೀಕ್ಷೆ. ಉಪ್ಪಿದ್ದರೆ ಬೆಳ್ಳಗಾಗುತ್ತದೆ. ಮೊಸರು ಒಡೆದಂತೆ ಬಿಳಿ ಇಳಿಯಿತು. ಪಕ್ಕದ ನಳಿಕೆಯ ಶುದ್ಧ ನೀರು ಹಾಗೆಯೇ ಉಳಿಯಿತು. ಎರಡನ್ನೂ ಸ್ಟ್ಯಾಂಡಿನಲ್ಲಿಟ್ಟು ನೋಡಿದೆ. ಆ ಉಪ್ಪು ಗಾಳಿಯಿಂದ ಬಂತೋ ನೀರಿನಿಂದ ಬಂತೋ ಎಂದು ನಳಿಕೆ ಹೇಳುವುದಿಲ್ಲ. ಅದನ್ನು ಹೇಳಬಲ್ಲವರು ಅಮ್ಮ, ಮೇಸ್ತ್ರಿ ಮತ್ತು ನಾನು.

ಆಗ ನನಗೆ ನೆನಪಾಯಿತು. ಇಷ್ಟು ಹೊತ್ತು ಅದು ನೆನಪಾಗಿರಲಿಲ್ಲ ಎಂಬುದು ಈಗಲೂ ವಿಚಿತ್ರವೆನಿಸುತ್ತದೆ. ಸ್ಲ್ಯಾಬ್ ಹಾಕಿದ ಮರುದಿನ ಮೇಸ್ತ್ರಿ ಅದರ ಮೇಲೆ ಮಣ್ಣಿನ ಸಣ್ಣ ಬದು ಕಟ್ಟಿ ಗದ್ದೆಗಳಂತೆ ಚೌಕ ಮಾಡಿದ್ದರು. ಆ ಚೌಕಗಳಲ್ಲಿ ನೀರು ನಿಲ್ಲಿಸಬೇಕು, ಆಗ ಕಾಂಕ್ರೀಟ್ ಗಟ್ಟಿಯಾಗುತ್ತದೆ. ಅಪ್ಪ ನನ್ನನ್ನು ಕರೆದು, “ಇದು ನಿಂಗೆ ಕೊಟ್ಟ ಕೆಲ್ಸ. ಒಂದ್ ದಿನವೂ ತಪ್ಪುಕಾಗ” ಎಂದಿದ್ದ. ಬೇಸಿಗೆ ರಜೆ. ಬೆಳಿಗ್ಗೆ, ಸಂಜೆ, ಬಾವಿಯಿಂದ ಸೇದಿ, ಏಣಿ ಹತ್ತಿ, ಕೊಡದಿಂದ ಕೊಡಕ್ಕೆ. ಆ ವಾಸನೆ ಏಳುತ್ತಿತ್ತು. ಸಂಜೆ ಅಪ್ಪ ಸೈಕಲ್ ನಿಲ್ಲಿಸಿ ಮೇಲೆ ಬಂದು ಪ್ರತಿ ಚೌಕದಲ್ಲಿ ಬೆರಳು ಅದ್ದಿ ಆಳ ನೋಡಿ, “ಪಾಸು” ಎನ್ನುತ್ತಿದ್ದ. ಬಿಸಿಲಿಗೆ ಚೌಕದ ಅಂಚಿನಲ್ಲಿ ತೆಳ್ಳಗೆ ಬಿಳಿ ಕಟ್ಟುತ್ತಿತ್ತು. ಸಿಮೆಂಟ್ ಹಾಗೆಯೇ ಎಂದುಕೊಂಡಿದ್ದೆ.

ನಳಿಕೆಗಳನ್ನು ತೊಳೆದಿಟ್ಟು, ಕಾರಿಡಾರಿಗೆ ಹೋಗಿ ಮುಜೀಬ್ ಸಾಹೇಬರಿಗೆ ಫೋನ್ ಮಾಡಿದೆ.

“ಸರ್, ಬೆಳಕೆಯ ಮನೆ. ಬಾವಿ ಏಪ್ರಿಲಲ್ಲಿ ಉಪ್ಪಾಗ್ತದೆ. ಕಲಸಿದ್ದೂ ಅದರಲ್ಲೇ, ಆಮೇಲೆ ಹಾಕಿದ್ದೂ ಅದೇ ನೀರು.”

ನೋಟ್‌ಬುಕ್ಕಿನ ಹಾಳೆ ತಿರುವುವ ಸದ್ದು ಕೇಳಿಸಿತು. “ಆಮೇಲೆ ಹಾಕಿದ್ದು ಯಾರು?”

“ನಾನು.”

“ಎಷ್ಟು ದಿನ?”

“ಇಪ್ಪತ್ತೊಂದು.”

“ಒಂದೂ ದಿನ ಬಿಡದೆ?”

“ಬಿಟ್ಟಿಲ್ಲ.”

“ಈಗಿನವರು ಏಳು ದಿನ ಹಾಕಿದ್ರೆ ಹೆಚ್ಚು” ಎಂದರು. ಅದನ್ನು ಅವರು ಮೆಚ್ಚುಗೆಯಾಗಿಯೇ ಹೇಳಿದ್ದು. ನಂತರ, “ಬರ್ಕೊಳ್ಳಲಾ ಮ್ಯಾಡಂ? ಬರ್ದ್ರೆ ಒಳಗಿನ ಪಿಲ್ಲರ್ ಕೊರೀಬೇಕಾಗ್ತದೆ.”

“ಬರ್ಕೊಳ್ಳಿ.”

ಕುಮಟಾದವರಿಗೆ ಬೇಡವೆಂದು ಹೇಳಿದೆ. ಹೀಗೆ ನಮ್ಮ ಎಂಜಿನಿಯರ್ ಆಯ್ಕೆಯಾದರು.

ಆ ಶನಿವಾರ ಮನೆಗೆ ಹೋದಾಗ ಅಮ್ಮನಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು, ಆರಿಸುತ್ತಲೇ ಇದ್ದಳು. ಅಕ್ಕ ಫೋನಿನಲ್ಲಿ ಕೂಗಲಿಲ್ಲ. “ಸುಮ್ನೆ ಇರುದು ನಿಂಗೆ ಚಲೋ ಬರ್ತದೆ ಅಂದ್ಕಂಡಿದ್ದೆ. ಬೇಕಾದಾಗ ಸುಮ್ನಿರ್ಲಿಲ್ಲ ನೀನು. ಮೇಲಿಂದು ನಮ್ದು ಅಂತ ಅಪ್ಪ ಹೇಳಿದ್ದ” ಎಂದಳು. ಅಂದಿನಿಂದ ಅಮ್ಮ ನನ್ನೊಡನೆ ಮಾತು ಬಿಟ್ಟಳು. ಊಟಕ್ಕೆ ಬಡಿಸುತ್ತಿದ್ದಳು, ಕರೆಯುತ್ತಿರಲಿಲ್ಲ. ನಾನು ವಾಸನೆ ಹಿಡಿದು ಹೋಗಿ ಕೂರುತ್ತಿದ್ದೆ. ನನಗೆ ಅದು ಕಷ್ಟವೆನಿಸಿತೇ ಎಂದರೆ, ಹೌದು ಎನ್ನುವಷ್ಟು ಏನೂ ಅನಿಸಿರಲಿಲ್ಲ.

ಮುಜೀಬ್ ಸಾಹೇಬರು ಅಡುಗೆಮನೆಯ ಪಕ್ಕದ ಪಿಲ್ಲರಿಗೆ ತೂತು ಕೊರೆದು ಪುಡಿಯನ್ನು ಆಳಕ್ಕೆ ತಕ್ಕಂತೆ ಬೇರೆ ಬೇರೆ ಪೊಟ್ಟಣಗಳಲ್ಲಿ ಕಟ್ಟಿದರು. ಒಂದು ಕಡೆ ಕೆತ್ತಿ ಸರಳು ತೋರಿಸಿದರು. ಸಮುದ್ರದ ಗಾಳಿ ತಾಗದ ಗೋಡೆ ಅದು. ಮೇಸ್ತ್ರಿ ಮುಂದೆ ಬಂದು ಹೆಬ್ಬೆರಳು ಒಳಗೆ ಹಾಕಿ ತಿರುವಿ ತೆಗೆದರು. ಬೆರಳು ತುಕ್ಕಿನಿಂದ ಕಂದು ಬಣ್ಣವಾಗಿತ್ತು. ಅವರು ಅದನ್ನು ಪಂಚೆಗೆ ಒರೆಸಿಕೊಳ್ಳದೆ ಹಾಗೆಯೇ ಹಿಡಿದುಕೊಂಡು ಜಗಲಿಯ ಮೆಟ್ಟಿಲಲ್ಲಿ ಕುಕ್ಕುರುಗಾಲಿನಲ್ಲಿ ಕೂತರು.

“ಈ ಸಾಲಿನ ಅಷ್ಟೂ ಮನೆಗೆ ಇದೇ ನೀರು, ತಂಗಿ” ಎಂದರು. ನಂತರ ಸಾಹೇಬರಿಗೆ, “ನೀವು ಹೇಳ್ದಂಗೆ ಮಾಡ್ತೆ. ಬರ್ದು ಕೊಡಿ.”

ಪೊಟ್ಟಣಗಳ ಪುಡಿಯಲ್ಲಿ ಒಳಗಿನವರೆಗೂ ಉಪ್ಪಿತ್ತು. ಸಾಹೇಬರು ಬರೆದು, ತಮ್ಮದೇ ಸಹಿ ಹಾಕಿ ಕೊಟ್ಟರು. ಮೇಲೆ ಏನನ್ನೂ ಕಟ್ಟಬಾರದು. ನೀರಿನ ಟ್ಯಾಂಕನ್ನೂ ಇಳಿಸಬೇಕು. ಜಗಲಿಯ ಮಾಡು ಹೊಸದಾಗಬೇಕು, ಪಿಲ್ಲರುಗಳಿಗೆ ದುರಸ್ತಿ, ವರ್ಷಕ್ಕೊಮ್ಮೆ ತಪಾಸಣೆ. ಕೆಳಗೆ ವಾಸ ಮಾಡಬಹುದು, ಆದರೆ ಎಂದೆಂದಿಗೂ ಎಂದು ತಿಳಿಯಬಾರದು. ಕೊನೆಯ ಹಾಳೆಯಲ್ಲಿ ನಾವು ಕೇಳದೆ ಇದ್ದದ್ದೂ ಇತ್ತು. ಪಡುವಣದ ಖಾಲಿ ಜಾಗದಲ್ಲಿ, ಮನೆಗೆ ತಾಗದಂತೆ, ತನ್ನದೇ ಪಾಯದ ಮೇಲೆ ಎರಡು ಕೋಣೆ ಮತ್ತು ಒಂದು ಅಡುಗೆಮನೆ, ಚಿರೆಕಲ್ಲಿನ ಗೋಡೆ, ಹಂಚಿನ ಮಾಡು. ಬಾಗಿಲು ರಸ್ತೆಗೆ. ಫೆಬ್ರವರಿಯಲ್ಲಿ ಶುರುಮಾಡಿದರೆ ಮಳೆಗೆ ಮೊದಲು ಮುಗಿಯುತ್ತದೆ ಎಂದರು. ಏಪ್ರಿಲ್ ತನಕ ಕಾದಿದ್ದರೆ ಮುಗಿಯುತ್ತಿರಲಿಲ್ಲ. ಇದನ್ನು ಅಕ್ಕನಿಗೆ ನಾನು ಹೇಳಲಿಲ್ಲ. ನಕ್ಷೆಯ ಫೋಟೋ ಕಳಿಸಿದೆ. ಎರಡು ದಿನ ಬಿಟ್ಟು ಒಂದೇ ಸಾಲು ಬಂತು: ‘ಒಲೆ ಪೂರ್ವಕ್ಕೆ ಬರ್ಲಿ.’

ಮಾರ್ಚಿನಲ್ಲಿ ಟೆರೇಸಿನ ಸರಳುಗಳನ್ನು ಕತ್ತರಿಸಿದರು. ಮೇಸ್ತ್ರಿ ಕಟರ್ ಹಿಡಿಯುವ ಮೊದಲು ಅಮ್ಮ ಮೇಲೆ ಹತ್ತಿ ಬಾಟಲಿಗಳನ್ನು ಒಂದೊಂದಾಗಿ ತೆಗೆದು ಸೆರಗಿನಲ್ಲಿ ಹಾಕಿಕೊಂಡು, ನಾಲ್ಕು ಸಲ ಇಳಿದು ಹತ್ತಿ, ಎಲ್ಲವನ್ನೂ ಬಾವಿಕಟ್ಟೆಯ ಮೇಲೆ ಸಾಲಾಗಿ ಇಟ್ಟಳು. ಈಗ ನಮ್ಮ ಮನೆಗೆ ದಾರಿ ಹೇಳಲು ಬೇರೆ ಗುರುತು ಹುಡುಕಬೇಕು. ಕತ್ತರಿಸುವಾಗ ಕಿಡಿ ಹಾರಿತು. ನಾನು ಕೆಳಗೆ ನಿಂತು ಲೆಕ್ಕ ಹಾಕಿದೆ. ಮೂವತ್ತಾರು.

ಹೊಸ ಕೋಣೆಗಳ ಗೋಡೆ ಬಾಗಿಲ ಎತ್ತರಕ್ಕೆ ಬಂದು, ಅದರ ಮೇಲೆ ಸುತ್ತಲೂ ಕಾಂಕ್ರೀಟ್ ಪಟ್ಟಿ ಹಾಕಿದಾಗ ಏಪ್ರಿಲ್ ಬಂದಿತ್ತು. ಕಲಸುವುದಕ್ಕೆ ಸಾಹೇಬರು ಟ್ಯಾಂಕರ್ ನೀರು ತರಿಸಿದ್ದರು. ಮರುದಿನ ಭಾನುವಾರ. ಅಕ್ಕ ಮಗಳನ್ನು ಕರೆದುಕೊಂಡು ಕೆಲಸ ನೋಡಲು ಬಂದಿದ್ದಳು. ಟ್ಯಾಂಕರ್ ಮಧ್ಯಾಹ್ನದ ಮೇಲೆ ಬರುತ್ತದೆಂದು ಗೊತ್ತಿತ್ತು. ಬಿಸಿಲು ಏರುತ್ತಿತ್ತು, ಪಟ್ಟಿಯ ಮೇಲೆ ಹೊದೆಸಿದ್ದ ಗೋಣಿಗಳು ಒಣಗುತ್ತಿದ್ದವು. ಮೇಸ್ತ್ರಿ ಏಣಿಯ ಮೇಲಿಂದ, “ಯಾರಾದ್ರೂ ಒಂದ್ ಕೊಡ ನೀರ್ ಕೊಡಿ” ಎಂದರು.

ಅಕ್ಕನ ಮಗಳು ಕೊಡಪಾನ ಹಿಡಿದು ಬಾವಿಯ ಕಡೆ ಓಡಿದಳು. ನಾನು ಏಳುವ ಮೊದಲೇ ಅಡುಗೆಮನೆಯ ಬಾಗಿಲಿನಿಂದ ಅಮ್ಮನ ದನಿ ಬಂತು.

“ಆ ಬಾವಿದು ಬೇಡ. ಅದು ಉಪ್ಪು.”

ಮೇಸ್ತ್ರಿ ಏಣಿಯ ಮೇಲೆ ಕೈ ನಿಲ್ಲಿಸಿದರು. ಅಕ್ಕ ಅಮ್ಮನನ್ನು ನೋಡಿದಳು. ಅಮ್ಮ ಬಂದು ಮೊಮ್ಮಗಳ ಕೈಯಿಂದ ಕೊಡಪಾನ ಬಿಡಿಸಿ ನನ್ನ ಮುಂದೆ ಹಿಡಿದಳು. ಮೂರು ತಿಂಗಳಲ್ಲಿ ಅವಳು ನನಗೆ ಆಡಿದ ಮೊದಲ ಮಾತು ಇದು:

“ಶಾಲೆ ಬಾವಿಂದ ತಾ ಮಗಾ.”

ಹೋದೆ. ಗದ್ದೆಯ ಅಂಚು, ಆಮೇಲೆ ಏರು. ಅಕ್ಕ ಇನ್ನೊಂದು ಕೊಡ ಹಿಡಿದು ಹಿಂದೆ ಬಂದಳು.  ಬಾವಿಕಟ್ಟೆಯಲ್ಲಿ ಅವಳು ಹಗ್ಗ ಎಳೆದಳು, ನಾನು ಸುರಿದುಕೊಂಡೆ. ಹಿಂದೆ ಬರುವಾಗ ನೀರು ತುಳುಕಿ ತೋಳು ತೊಯ್ಯಿತು, ತಣ್ಣಗಿತ್ತು.

ಏಣಿಯ ಬುಡದಲ್ಲಿ ಅಮ್ಮ ಕಾಯುತ್ತಿದ್ದಳು. ನಾನು ಕೊಡ ಎತ್ತಿ ಮೇಸ್ತ್ರಿಗೆ ಕೊಡಲು ಹೋದಾಗ ತಡೆದಳು. ಬಲಗೈಯ ಬೆರಳನ್ನು ಕೊಡದೊಳಗೆ ಅದ್ದಿ ನಾಲಿಗೆಗೆ ಹಚ್ಚಿಕೊಂಡಳು. 

“ಆತು” ಎಂದಳು. “ಹಾಕಿ.”